ಆರು ಗೆರೆ, ಮೂರು ಕೈ ಮೇಣ

ಮಾರ್ಚ್ 4, ಸೋಮವಾರ

ಮತ್ತೆ ಮೇಣ. ಉಗುರಿನ ಸಂದಿಯಲ್ಲಿ ಮೇಣ, ಕೂದಲಲ್ಲಿ ಮೇಣ, ಟೀ ಲೋಟದ ಅಂಚಿಗೂ ಮೇಣ. ರಾತ್ರಿ ಊಟಕ್ಕೆ ಕೂತರೂ ಕೈ ಅದೇ ವಾಸನೆ.

ಪಾರ್ಕಿನಮ್ಮ ಕುದುರೆ ತಲೆ ತಂದುಕೊಟ್ಟರು. ಪಾರ್ಕಿನಲ್ಲಿ ಮಕ್ಕಳ ಮೆರ್ರಿ-ಗೋ-ರೌಂಡ್ ನಡೆಸುತ್ತಾರಲ್ಲ, ಅವರು. ತಲೆ ಮರದ್ದು. ಅವರಪ್ಪ ಕೈಯಾರೆ ಕೆತ್ತಿದ್ದು. ಹತ್ತು ಕುದುರೆ ಇದ್ದವಂತೆ, ಒಂಬತ್ತಕ್ಕೆ ಗೆದ್ದಲು ಹಿಡಿಯಿತು. ಉಳಿದಿರೋದು ಇದೊಂದೇ. ಇದರ ಮೇಲೆ ಅಚ್ಚು ತೆಗೆದು ಫೈಬರ್‌ನಲ್ಲಿ ಒಂಬತ್ತು ತಲೆ ಮಾಡಿಕೊಡಬೇಕು. ಕೂಸನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿ ತಂದಿದ್ದರು. "ಜೋಪಾನ" ಅಂತ ಮೂರು ಸಲ ಅಂದರು.

"ನಲವತ್ತು ವರ್ಷ ಆಯ್ತಮ್ಮ. ನನ್ನ ಕೈಲಿ ಒಂದು ಪೀಸೂ ಅಚ್ಚಿಗೆ ಅಂಟಿಲ್ಲ" ಅಂದರು ಮಾವ.

ಅಮ್ಮನ ತಮ್ಮ ಅಂತ ನಾನು ಹೊಗಳ್ತಾ ಇಲ್ಲ, ನಿಜವೇ. ಈ ಫೈಬರ್ ಕೆಲಸದ ಶೆಡ್ ಅವರದು. ಹನ್ನೊಂದು ವರ್ಷದ ಕೆಳಗೆ ಕೆಲಸ ಹೋಗಿ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ "ಬಾ, ಬ್ರಷ್ ಹಿಡಿ" ಅಂತ ಎಬ್ಬಿಸಿಕೊಂಡು ಬಂದವರು ಅವರೇ. ಆದರೆ ಅವರ ಜೊತೆ ಏಗೋದು ಮಾತ್ರ... ಅಬ್ಬಾ.

ಫೈಬರ್ ಗಟ್ಟಿಯಾಗೋಕೆ ಬಳಿಯೋ ರೆಸಿನ್ ಮುಟ್ಟಿದ್ದಕ್ಕೆಲ್ಲ ಅಂಟುತ್ತೆ. ಅದಕ್ಕೇ ಅಚ್ಚು ತೆಗೆಯೋ ಮೊದಲು ಮೇಣ. ಒಂದಲ್ಲ ಎರಡಲ್ಲ, ಆರು ಕೈ, ಆರು ಸಲ ಹಚ್ಚಬೇಕು. ಒಂದೊಂದು ಕೈ ಆದ ಮೇಲೂ ಒಂದು ಗಂಟೆ ಬಿಡು, ಬಟ್ಟೆಯಲ್ಲಿ ಉಜ್ಜು, ಗೋಡೆ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳಿ. ಆರು ಗೆರೆ ಆದ ಮೇಲೆ ಹಸಿರು ನೀರು — ಬಾಟ್ಲಿ ಮೇಲೆ ಪಿವಿಎ ಅಂತಿದೆ, ನಾವು ಕರೆಯೋದು ಹಸಿರು ಅಂತ. ಒಣಗಿದರೆ ತೆಳ್ಳನೆ ಚರ್ಮ. ಅದರ ಮೇಲೆ ರೆಸಿನ್. ಗೆರೆ ಯಾರು ಎಳೆದರು ಅಂತ ಇನ್ನೊಬ್ಬರು ಕೇಳೋ ಹಾಗಿಲ್ಲ. ಗೆರೆ ಇದೆ ಅಂದರೆ ಕೆಲಸ ಆಗಿದೆ. ಈ ಶೆಡ್ಡಿನಲ್ಲಿ ಅದೊಂದೇ ಕಾನೂನು.

ಫೋನಲ್ಲಿ ಫೈಬರ್ ಕೆಲಸ ಕಲಿಸ್ತಾನಲ್ಲ, ಆ ಟೋಪಿಯವನ ವಿಡಿಯೋ ತೋರಿಸಿದೆ. ಮೂರು ಕೈ ಮೇಣ, ಮೇಲೆ ಹಸಿರು, ಧಾರಾಳ ಸಾಕು ಅಂತಾನೆ. ಅದೂ ಬೇಡ ಅಂದರೆ ಸ್ಪ್ರೇ.

"ಸ್ಪ್ರೇನಾ? ಅದರಲ್ಲಿ ಸಿಲಿಕೋನ್ ಇರುತ್ತೆ ಕಣೆ. ಆಮೇಲೆ ಪೇಂಟ್ ಹೊಡಿ, ಗುಳಿ ಗುಳಿಯಾಗಿ ಓಡಿ ಹೋಗುತ್ತೆ."

"ಪ್ಯಾಕಿಂಗ್ ಟೇಪ್?"

"ಹಲಗೆಗೆ ಸುತ್ತು, ಬೇಡ ಅಂದೋರ್ಯಾರು. ಕುದುರೆ ಮೂಗಿನ ಹೊಳ್ಳೆಗೆ ಹೆಂಗೆ ಸುತ್ತುತೀಯ?"

"ವ್ಯಾಸಲಿನ್?"

"ನಿನ್ನ ಹಿಮ್ಮಡಿಗೆ ಹಚ್ಕೋ. ಆರು ಕೈ ಮೇಣ, ಮೇಲೆ ಹಸಿರು. ಮುಗೀತು. ಅವಸರದಮ್ಮ!"

ಹುಟ್ಟಿದಾಗಿನಿಂದ ನನಗೆ ಅದೇ ಹೆಸರು. ಏಳು ತಿಂಗಳಿಗೇ ಹುಟ್ಟಿದೆನಂತೆ.


ಮಾರ್ಚ್ 5, ಮಂಗಳವಾರ, ಸಂಜೆ

ಮಾವ ರೆಸಿನ್ ತರೋಕೆ ಹೋದರು, ನಾನೊಬ್ಬಳೇ. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಮೂರು ಕೈ ಮುಗೀತು. ಕುದುರೆ ಮೂಗಿನಲ್ಲಿ ನನ್ನ ಮುಖ ಕಾಣ್ತಿತ್ತು, ಅಷ್ಟು ಫಳಫಳ. ಇನ್ನೂ ಮೂರು ಯಾಕೆ? ಚಪ್ಪಲಿ ಅಂಗಡಿಯಲ್ಲಿ ಸೇಲ್ ಇವತ್ತೇ ಕೊನೆ.

ಆರು ಗೆರೆ ಎಳೆದು ಹೋದೆ.

ಕಂದು ಬಣ್ಣದ್ದು ಸಿಕ್ತು. ಬಕಲ್ ಇರೋದು. ಚೆನ್ನಾಗಿದೆ.


ಮಾರ್ಚ್ 6

ನಾನು ಹೋಗೋ ಹೊತ್ತಿಗೆ ಮಾವ ರೆಸಿನ್ ಶುರು ಮಾಡಿಬಿಟ್ಟಿದ್ದರು. ಬೆಳಿಗ್ಗೆ ಏಳಕ್ಕೇ ಬಂದಿದ್ದರಂತೆ. ಮಧ್ಯದಲ್ಲಿ ಅತ್ತೆ ಫೋನು — ನಲ್ಲಿ ಕಿತ್ತುಕೊಂಡಿದೆ, ನೀರು ನಿಲ್ತಿಲ್ಲ, ಬನ್ನಿ. ಓಡಿ ಹೋಗಿ ರಿಪೇರಿ ಮಾಡಿ ಓಡಿ ಬಂದಿದ್ದಾರೆ. "ಒಂದು ದಿನಾನೂ ನೆಮ್ಮದಿಯಾಗಿ ಕೆಲಸ ಮಾಡೋಕೆ ಬಿಡಲ್ಲ ನಿಮ್ಮತ್ತೆ."

ಹಲಗೆ ಕಡೆ ನೋಡಿದೆ. ಆರು ಗೆರೆ. ಟೋಪಿಯವನು ಸುಮ್ಮನೆ ಹೇಳ್ತಾನಾ ಅಂದುಕೊಂಡು ಬ್ರಷ್ ಹಿಡಿದೆ.


ಮಾರ್ಚ್ 7, ಗುರುವಾರ, ಬೆಳಿಗ್ಗೆ 11

ಅಂಟಿದೆ.

ಪಾರ್ಕಿನಮ್ಮ ನೋಡೋಕೆ ಬಂದಿದ್ದರು. ಅವರ ಎದುರೇ. ಮಾವ ಮರದ ಬೆಣೆ ಇಟ್ಟು ಮೆತ್ತಗೆ ತಟ್ಟಿದರು. ಬರಲಿಲ್ಲ. ಇನ್ನೊಂದು ಬೆಣೆ. ಕಟ್ ಅಂತ ಸದ್ದು. ಕಿವಿ ಮುರಿದು ಹಾರಿ ಪಾರ್ಕಿನಮ್ಮನ ಕಾಲ ಹತ್ತಿರ ಬಿತ್ತು. ಅವರು ಬಗ್ಗಿ ಎತ್ತಿಕೊಂಡು ಕರ್ಚೀಫಿನಲ್ಲಿ ಸುತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಾವನ ಮುಖ ಸುಣ್ಣ ಬಳಿದಂತೆ.


ಅದೇ ದಿನ, ಸಂಜೆ 4

ಬರೆದುಬಿಡಬೇಕು. ಇಲ್ಲಾದರೂ.

ಮಾವ ಹೊರಗೆ ಸ್ಟೂಲ್ ಮೇಲೆ ತಲೆ ಹಿಡಿದು ಕೂತರು. ಒಳಗೆ ನಾನು ಅಚ್ಚನ್ನು ಬಿಸಿನೀರಿನ ಟಬ್ಬಿನಲ್ಲಿ ಮುಳುಗಿಸಿದೆ. ಹಾಗೆ ಮಾಡೋದು ಸರಿಯೇ, ಹಸಿರು ನೀರಲ್ಲಿ ಕರಗುತ್ತೆ, ಅಂಟು ಬಿಡುತ್ತೆ. ಸ್ವಲ್ಪ ಹೊತ್ತಿಗೆ ಕುದುರೆ ಎರಡು ತುಂಡಾಗಿ ಬಂತು. ಕೆನ್ನೆ ಸೀಳಿದೆ, ಸರಿ ಮಾಡಬಹುದು.

ನೀರು ಹಸಿರಾಯ್ತು. ಚೆನ್ನಾಗೇ ಹಸಿರಾಯ್ತು. ಅಂದರೆ ಮಾವ ಬಳಿದಿದ್ದಾರೆ, ಎಲ್ಲಾ ಕಡೆ, ಒಂದು ಬೆರಳಗಲ ಬಿಡದ ಹಾಗೆ. ಕೆಳಗೆ ಮೇಣ ಸಾಲದೆ ಆ ಹಸಿರೇ ಮರಕ್ಕೆ ಕಚ್ಚಿಕೊಂಡಿದೆ.

ಆ ಹೊತ್ತಿಗೆ ಮಾವ ಬಾಗಿಲಲ್ಲಿ ನಿಂತು ಹೇಳಿದರು, "ಅಲ್ಲ ಕಣೆ... ನಾನು ಹಸಿರು ಬಳಿದ್ನಾ? ಬಳಿದೆ ಅಂತ ಕೈಗೆ ನೆನಪಿದೆ. ಆದ್ರೆ ಅಷ್ಟರಲ್ಲಿ ಫೋನ್ ಬಂತಲ್ಲ. ಬಂದವನು ಬಳಿದಿದೀನಿ ಅಂದ್ಕೊಂಡು ರೆಸಿನ್ ಹಾಕ್ಬಿಟ್ನೇನೋ."

ನಾನು ಟಬ್ಬಿಗೆ ಅಡ್ಡ ನಿಂತಿದ್ದೆ.

ಅವರು ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದರು. "ಇದು ಮೊದ್ಲೇ ಇಷ್ಟು ಖಾಲಿ ಇತ್ತಾ?"

"ಹೂಂ ಮಾವ. ಮೊದ್ಲಿಂದ್ಲೂ ಅಷ್ಟೇ ಇತ್ತು."

ಎಲ್ಲಿಂದ ಬಂತೋ ಆ ಮಾತು. ನಾಲಿಗೆ ತಡವರಿಸಲೂ ಇಲ್ಲ. ಅವರು ಹೊರಗೆ ಹೋದ ಮೇಲೆ ಟಬ್ ಬಗ್ಗಿಸಿದೆ. ಮೋರಿಯಲ್ಲಿ ಹಸಿರು ಹರಿದು ಹೋಯ್ತು. ಮೇಲೆ ಇನ್ನೆರಡು ಬಕೆಟ್ ಸುರಿದೆ.

ನಾಳೆ ಹೇಳ್ತೀನಿ.


ಮಾರ್ಚ್ 19

ಹೇಳಿಲ್ಲ.

ಪಾರ್ಕಿನಮ್ಮ ಫೋನ್ ಮಾಡಿ ಏನಾಯ್ತು ಅಂತ ಕೇಳಿದರು. "ಮಾವನಿಗೆ ವಯಸ್ಸಾಯ್ತಲ್ಲ, ಒಂದು ಕೋಟಿಂಗ್ ಮರೆತುಬಿಟ್ರು" ಅಂದೆ. ಅವರು "ಪಾಪ" ಅಂದರು. ನಾನೂ "ಪಾಪ" ಅಂದೆ! ಥೂ.

ಮಾವ ಈಗ ಎಲ್ಲದಕ್ಕೂ ಚೀಟಿ ಅಂಟಿಸ್ತಾರೆ. ಶೆಡ್ ಬಾಗಿಲಿಗೆ "ಫ್ಯಾನ್". ಸ್ವಿಚ್ ಪಕ್ಕ "ಮೋಟರ್". ಊಟದ ಡಬ್ಬಿ ಮುಚ್ಚಳದ ಒಳಗೆ "ಮಾತ್ರೆ — ತಗೊಂಡೆ" ಅಂತ, ದಿನಾ ಟಿಕ್. ಹಳೇದೆಲ್ಲ ಕೆದಕಿ ಲೆಕ್ಕಕ್ಕೆ ತಗೋತಿದ್ದಾರೆ. ಹೋದ ವರ್ಷ ಹಾಲು ಉಕ್ಕಿಸಿದ್ದು, ಕೊಡೆ ಬಸ್ಸಲ್ಲಿ ಬಿಟ್ಟಿದ್ದು, ಕನ್ನಡಕ ಹಣೆ ಮೇಲಿಟ್ಟುಕೊಂಡೇ ಹುಡುಕಿದ್ದು. ಕನ್ನಡಕ ನಾನು ದಿನಕ್ಕೆರಡು ಸಲ ಹಾಗೆ ಹುಡುಕ್ತೀನಿ. ಹಾಗಂತ ಹೇಳಿದೆ. ನಕ್ಕರು, ಅಷ್ಟೇ.

ಮೊನ್ನೆ ಸ್ಕೂಟರ್ ಯಾರಿಗೋ ಕೊಟ್ಟುಬಿಟ್ಟರು. "ದಾರೀಲಿ ಎಲ್ಲಿಗೆ ಹೊರಟೆ ಅಂತ ಮರೆತ್ರೆ?"

ಕಂದು ಚಪ್ಪಲಿ ಹಾಕ್ಕೊಳ್ಳೋಕೆ ಆಗ್ತಿಲ್ಲ. ಕಪಾಟಿನ ಕೆಳಗೆ ತಳ್ಳಿದ್ದೀನಿ.


ಏಪ್ರಿಲ್ 2

ಅತ್ತೆ ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ನಾನೂ ಜೊತೆಗೆ. ಗಡಿಯಾರ ಬರೀರಿ, ಹನ್ನೊಂದು ಹತ್ತು ತೋರಿಸಿ ಅಂದರು. ಮಾವ ನೀಟಾಗಿ ಬರೆದರು. ಮುಳ್ಳಿನ ತುದಿಗೆ ಬಾಣ, ಕೆಳಗೆ ಕಂಪನಿ ಹೆಸರು ಸಮೇತ. ಡಾಕ್ಟರ್ ನಕ್ಕರು. ಈಗ ಏನೂ ಕಾಣಿಸ್ತಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ.

ಹೊರಗೆ ಬಂದು ಮಾವ ಅಂದರು, "ಈಗ ಕಾಣಿಸ್ತಿಲ್ಲ ಅಂದ್ರೆ ಬರ್ತಾ ಇದೆ ಅಂತ ಅರ್ಥ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಬಾಯಲ್ಲಿ ಅಲ್ಲೇ, ಔಷಧಿ ಅಂಗಡಿ ಮುಂದೇ, ಮಾತು ಬಂದಿತ್ತು. ನುಂಗಿದೆ. ಆಟೋ ಕರೆದೆ.


ಏಪ್ರಿಲ್ 21

ಮಾವ ಶೆಡ್ಡಿಗೆ ಬರೋದು ನಿಲ್ಲಿಸಿದರು. ಬೀಗದ ಕೈ ನನ್ನ ಹತ್ತಿರ.

ಕುದುರೆ ಕೆನ್ನೆ ನಾನೇ ಪುಟ್ಟಿ ತುಂಬಿ ಸರಿ ಮಾಡಿದೆ, ಹೋದ ಕಿವಿಯನ್ನೂ ಪುಟ್ಟಿಯಲ್ಲೇ ಕಟ್ಟಿದೆ. ಆರು ಕೈ ಮೇಣ. ಗಡಿಯಾರ ಇಟ್ಟುಕೊಂಡು. ಅಚ್ಚು ಬಾಳೆಹಣ್ಣಿನ ಸಿಪ್ಪೆ ಬಿಟ್ಟ ಹಾಗೆ ಬಿಟ್ಟುಕೊಂಡು ಬಂತು. ಖುಷಿ ಪಡೋಕೆ ಆಚೆ ಈಚೆ ನೋಡಿದೆ. ಯಾರೂ ಇರಲಿಲ್ಲ.


ಮೇ 14, ಮಂಗಳವಾರ

ಊಟಕ್ಕೆ ಕರೆದಿದ್ದರು. ಊಟ ಮುಗಿಯೋ ಮೊದಲೇ ಮಾವ ಒಂದು ಕವರ್ ತಂದು ಮುಂದೆ ಇಟ್ಟರು. ಶೆಡ್ ನನ್ನ ಹೆಸರಿಗೆ. ಕಾಗದ ಎಲ್ಲಾ ರೆಡಿ, ಸೋಮವಾರ ಸಹಿ ಹಾಕೋದು.

"ತಲೆ ನೆಟ್ಟಗಿರೋವಾಗ್ಲೇ ಹಾಕ್ಬಿಡ್ತೀನಿ. ಆಮೇಲೆ ನನ್ನ ಸಹಿ ಯಾರು ನಂಬ್ತಾರೆ?"

ಅತ್ತೆ ನನ್ನ ತಟ್ಟೆಗೆ ಮೊಸರು ಬಡಿಸ್ತಾ ಇದ್ದರು. "ಮಗಳು ಇದ್ದಿದ್ರೆ ಅವಳಿಗೇ ಕೊಡ್ತಿದ್ವಿ. ಈಗ ನೀನೇ ತಾನೆ."

ಹೊಟ್ಟೆ ನೋವು ಅಂತ ಎದ್ದು ಬಂದೆ. ಅತ್ತೆ ಓಡಿ ಬಂದು ಓಂಕಾಳು ಕೊಟ್ಟರು.

ನನ್ನಂಥ ನೀಚೆ ಇನ್ನೊಬ್ಬಳು ಇರಲಾರಳು.


ಮೇ 15, ಬುಧವಾರ

ಹೇಳಿದೆ.

ಬೆಳಿಗ್ಗೆಯೇ ಹೋದೆ, ಎಲ್ಲಿ ಮನಸ್ಸು ಬದಲಾಗುತ್ತೋ ಅಂತ. ಮಾವ ವರಾಂಡದಲ್ಲಿ ಪೇಪರ್ ಓದ್ತಿದ್ದರು. ಈಗೀಗ ಓದಿದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೀಟು ಹಾಕ್ತಾರೆ. ನಿಂತುಕೊಂಡೇ ಹೇಳಿದೆ. ಮೂರು ಕೈ ಹಾಕಿದ್ದು. ಆರು ಗೆರೆ. ಚಪ್ಪಲಿ ಸೇಲ್. ಹಸಿರು ನೀರು. ಬಾಟ್ಲಿ ಸುಳ್ಳು. ಮೋರಿ. ಎಲ್ಲಾ ಹೇಳಿದೆ, ಅಳ್ತಾ ಹೇಳಿದೆ.

ಅವರು ಕನ್ನಡಕ ತೆಗೆದರು. ನನ್ನ ತಲೆ ಸವರಿದರು.

"ನಿಮ್ಮತ್ತೆ ಹೇಳಿಕೊಟ್ಟಳಾ?"

"ಇಲ್ಲ ಮಾವ! ನನ್ನಾಣೆ!"

"ಆಣೆ ಗೀಣೆ ಬೇಡ. ನನ್ನ ಸಮಾಧಾನಕ್ಕೆ ತಪ್ಪೆಲ್ಲ ಮೈಮೇಲೆ ಹಾಕ್ಕೊಳ್ಳೋಷ್ಟು ಒಳ್ಳೇಳು ನೀನು. ನಂಗೊತ್ತಿಲ್ವಾ? ಹನ್ನೊಂದು ವರ್ಷ ನೋಡಿದೀನಿ. ಗೆರೇಲಿ ಸುಳ್ಳು ಹೇಳೋಳಲ್ಲ ನೀನು."

ಎಷ್ಟು ಹೇಳಿದರೂ ಅಷ್ಟೇ. ಹೇಳಿದಷ್ಟೂ ಅವರ ಕಣ್ಣಲ್ಲಿ ನೀರು, ನನ್ನ ಒಳ್ಳೆತನಕ್ಕೆ! ಕೊನೆಗೆ ಅತ್ತೆಯನ್ನ ಕರೆದು "ನೋಡೇ, ನನಗೋಸ್ಕರ ಏನೇನು ಕತೆ ಕಟ್ತಿದಾಳೆ" ಅಂದರು.

ಈಡಿಯಟ್ ನಾನು. ಎರಡು ತಿಂಗಳು ಬಿಟ್ಟು ಹೇಳಿದರೆ ಇನ್ನೇನಾಗುತ್ತೆ?


ಮೇ 16

ಶೆಡ್ ಇಡೀ ಜಾಲಾಡಿದೆ. ಒಂದು ಚೂರು ಹಸಿರಾದರೂ ಸಿಕ್ಕರೆ. ಆ ಹಳೇ ಅಚ್ಚನ್ನು ಒಡೆದು ಎಸೆದವಳು ನಾನೇ, ಬಾಟ್ಲಿ ತುಂಬಿಸಿ ಇಟ್ಟವಳು ನಾನೇ. ಮೋರಿಯಲ್ಲಿ ಕೈ ಹಾಕಿ ನೋಡಿದೆ, ಹುಚ್ಚಿ ಹಾಗೆ. ಎರಡು ಬಕೆಟ್ ನೀರು ಬೇರೆ ಸುರಿದಿದ್ದೆನಲ್ಲ. ಎಷ್ಟು ಶಿಸ್ತು ನನಗೆ, ಬೇಡದ ಕಡೆ.

ಮಧ್ಯಾಹ್ನ 3: ಕಿವಿ.

ಟಬ್ಬಿಗೆ ಹಾಕೋ ಮೊದಲೇ ಪಾರ್ಕಿನಮ್ಮ ಎತ್ತಿಕೊಂಡು ಹೋದರಲ್ಲ. ಅದು ನೀರು ಕಂಡಿಲ್ಲ. ಅವರು ತೊಳೆದಿಲ್ಲ ಅಂದರೆ.

ಅವರ ಹತ್ತಿರ ಹೋದರೆ ಯಾಕೆ ಬೇಕು ಅಂತ ಕೇಳ್ತಾರೆ. ಕೇಳಲಿ.


ಮೇ 18, ಶನಿವಾರ

ನಿನ್ನೆ ಪಾರ್ಕಿನ ಗೇಟಿನವರೆಗೂ ಹೋಗಿ ವಾಪಸ್ ಬಂದೆ. ಇವತ್ತು ಒಳಗೆ ಹೋದೆ.

ಮೆರ್ರಿ-ಗೋ-ರೌಂಡ್ ತಿರುಗ್ತಾ ಇತ್ತು. ನಾನು ಮಾಡಿದ ನಾಲ್ಕು ತಲೆ ಆಗಲೇ ಹಾಕಿಸಿದ್ದಾರೆ. ಪಾರ್ಕಿನಮ್ಮ ಟಿಕೆಟ್ ಕಿಟಕಿಯಲ್ಲಿ. "ನಿಮ್ಮ ಕುದುರೆ ಒಡೆದದ್ದು ನಾನು" ಅಂದೆ. ಹಿಂದೆ ಒಬ್ಬ ತಾಯಿ ಎರಡು ಮಕ್ಕಳನ್ನು ಕಟ್ಟಿಕೊಂಡು ಕ್ಯೂನಲ್ಲಿ. ಅವರೂ ಕೇಳಿಸಿಕೊಂಡರು. ಎಲ್ಲಾ ಹೇಳಿ ಮುಗಿಸೋವರೆಗೂ ಪಾರ್ಕಿನಮ್ಮ ಟಿಕೆಟ್ ಹರಿದು ಕೊಡ್ತಾನೇ ಇದ್ದರು.

"ಅಂದ್ರೆ ಆ ಯಜಮಾನರು ಮರೆತಿರಲಿಲ್ಲ."

"ಇಲ್ಲ."

"ಎರಡು ತಿಂಗಳಿಂದ ಅವರನ್ನ ಮನಸ್ಸಲ್ಲೇ ಬೈಕೊಳ್ತಾ ಇದ್ದೆ ನಾನು. ಮೊನ್ನೆ ಮಾರ್ಕೆಟ್ಟಲ್ಲಿ ಕಂಡ್ರು. ನಮಸ್ಕಾರ ಅಂದ್ರು. ಮುಖ ತಿರುಗಿಸ್ಕೊಂಡು ಹೋದೆ."

ಮಾವ ಇದನ್ನು ನನಗೆ ಹೇಳೇ ಇಲ್ಲ.

ಡ್ರಾಯರಿನಿಂದ ಕರ್ಚೀಫ್ ಗಂಟು ತೆಗೆದರು. ಬಿಚ್ಚಿದೆ. ಕಿವಿಯ ಒಳಬದಿಗೆ ಹಸಿರು ಚರ್ಮ ಹಾಗೇ ಇದೆ. ಬೆರಳಗಲ. ಅಂಚು ಸುರುಳಿಯಾಗಿದೆ.

"ಕಿವಿ ನನಗೆ ವಾಪಸ್ ಬೇಕು" ಅಂದರು. "ನೀವು ತರಬೇಡಿ. ಅವರ ಕೈಲಿ ಕಳಿಸಿ. ನಾನು ಅವರ ಹತ್ರ ಮಾತಾಡಬೇಕು."


ಮೇ 19, ಭಾನುವಾರ

ಮಾವನ ಅಂಗೈಯಲ್ಲಿ ಕಿವಿ ಇಟ್ಟೆ.

ಕಿಟಕಿ ಹತ್ತಿರ ಹೋದರು. ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದರು. ಲೋಳೆಯಾಯ್ತು. ಬೆರಳು ಹಸಿರಾಯ್ತು.

"ಬಳಿದಿದೀನಿ" ಅಂದರು. ಮೆತ್ತಗೆ. ಆಮೇಲೆ ಜೋರಾಗಿ, "ಲೇ! ಬಾರೇ ಇಲ್ಲಿ! ಬಳಿದಿದೀನಿ ಕಣೇ!"

ಅತ್ತೆ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದರು. ಮಾವ ಹಸಿರು ಬೆರಳನ್ನು ಅವರ ಮೂಗಿನ ತುದಿಗೆ ಹಿಡಿದು ನಗ್ತಿದ್ದಾರೆ, ಅಳ್ತಿದ್ದಾರೆ. "ಕೈಗೆ ನೆನಪಿದೆ ಅಂದಿರಲಿಲ್ವಾ? ಅಂದಿರಲಿಲ್ವಾ ನಾನು?" ಎರಡು ತಿಂಗಳಲ್ಲಿ ಅವರ ಧ್ವನಿ ಅಷ್ಟು ಎತ್ತರಕ್ಕೆ ಹೋಗಿದ್ದು ಕೇಳಿರಲಿಲ್ಲ. ನನಗೂ ನಗು ಬಂತು. ನಕ್ಕುಬಿಟ್ಟೆ.

ಆಗ ಅವರು ನನ್ನ ಕಡೆ ತಿರುಗಿದರು. ನಗು ಇನ್ನೂ ಮುಖದ ಮೇಲಿತ್ತು, ಹಾಗೇ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಆರು ಗೆರೆ ಇತ್ತಲ್ಲ."

"ಹೂಂ."

"ನಾನು ಎಣಿಸಿದ್ದೆ."

"ಹೂಂ ಮಾವ."

ಬೈಯಲಿ ಅಂತ ಕಾದೆ, ಕೆನ್ನೆಗೆ ಎರಡು ಬಾರಿಸಲಿ ಅಂತ ಕಾದೆ. ಕಿವಿಯನ್ನು ಕರ್ಚೀಫಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು. ಅತ್ತೆ ನನ್ನನ್ನೇ ನೋಡ್ತಿದ್ದರು. ಆ ನೋಟ ಬರೆಯೋಕೆ ಆಗಲ್ಲ. ಕೂತ್ಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನೇ ಹೊರಟೆ. ಬೀಗದ ಕೈ ಮೇಜಿನ ಮೇಲೆ ಇಟ್ಟು ಬಂದೆ.


ಮೇ 23, ಗುರುವಾರ, ಬೆಳಿಗ್ಗೆ 9.30

ಮೂರು ದಿನ ಮನೆಯಲ್ಲೇ ಇದ್ದೆ. ಸೋಮವಾರ ಕಾಗದಕ್ಕೆ ಸಹಿ ಆಗಲಿಲ್ಲ. ಆ ಮಾತೇ ಯಾರೂ ಎತ್ತಲಿಲ್ಲ. ಒಳ್ಳೇದಾಯ್ತು.

ನಿನ್ನೆ ಸಂಜೆ ಫೋನು. "ನಾಳೆ ಎಂಟಕ್ಕೆ ಬಾ. ಅಚ್ಚಿಗೆ ಮೇಣ ಹಾಕಬೇಕು." ಅಷ್ಟೇ ಹೇಳಿ ಇಟ್ಟರು.

ಬಂದೆ. ಚೀಟಿಗಳೆಲ್ಲ ಕಿತ್ತು ಹೋಗಿವೆ. ಬಾಗಿಲ ಮೇಲೆ ಅಂಟಿನ ಗುರುತು ಮಾತ್ರ. ಹಲಗೆ ಒರೆಸಿ ಕಪ್ಪಗೆ ಮಾಡಿದ್ದಾರೆ. ಸೀಮೆಸುಣ್ಣ ಅವರ ಜೇಬಲ್ಲಿ.

ಬಟ್ಟೆ ನನ್ನ ಕೈಗೆ ಕೊಟ್ಟು ಸ್ಟೂಲ್ ಎಳೆದುಕೊಂಡು ಎದುರೇ ಕೂತರು. ಒಂದು ಕೈ ಹಾಕಿದೆ. ಗಂಟೆ ಬಿಟ್ಟು ಉಜ್ಜಿದೆ. "ಆಯ್ತು ಮಾವ" ಅಂದೆ. ಎದ್ದು ಬಂದು ಬೆರಳಿನ ಬೆನ್ನಿಂದ ಸವರಿ ನೋಡಿದರು, ಓರೆಯಾಗಿ ಬಗ್ಗಿ ಬೆಳಕಿಗೆ ನೋಡಿದರು. ಆಮೇಲೆ ಹೋಗಿ ಗೆರೆ ಎಳೆದರು. ಅವರೇ.


ಮಧ್ಯಾಹ್ನ 1.30

ಐದು ಕೈ. ಐದೂ ಹಾಗೇ. ಅವಸರದಮ್ಮ ಅನ್ನಲೂ ಇಲ್ಲ. ಒಂದು ಸಲ ಅನ್ನಲಿ ಅಂತ ಬೇಕಂತಲೇ ಡಬ್ಬಿ ಬೀಳಿಸಿದೆ. ಎತ್ತಿ ಕೊಟ್ಟರು.


3 ಗಂಟೆ

ಪಾರ್ಕಿನಮ್ಮ ತಾವೇ ಬಂದು ಗೇಟಿನ ಹತ್ತಿರ ನಿಂತರು. ಮಾವ ಕಿವಿ ತಗೊಂಡು ಹೊರಗೆ ಹೋದರು. ಕರ್ಚೀಫ್ ತೆಗೆಯೋವಾಗ ಸೀಮೆಸುಣ್ಣವೂ ಬಂತು, ಅದನ್ನ ಮೇಜಿನ ಮೇಲೆ ಇಟ್ಟು ಹೋದರು. ಮರೆತಲ್ಲ. ನನ್ನ ಮುಖ ನೋಡಿಯೇ ಇಟ್ಟರು.

ಆರನೇ ಕೈ ಮುಗಿಸಿದೆ. ಗಂಟೆ ಆಯ್ತು. ಉಜ್ಜಿದೆ, ಎರಡು ಸಲ ಉಜ್ಜಿದೆ, ಹೊಳ್ಳೆ ಒಳಗೂ. ಹಲಗೆ ಮೇಲೆ ಐದೇ ಗೆರೆ. ಸೀಮೆಸುಣ್ಣ ನನ್ನ ಮೊಣಕೈ ಪಕ್ಕ, ಈ ಪುಸ್ತಕದ ಹತ್ತಿರವೇ ಇದೆ. ಹೊರಗೆ ಅವರಿಬ್ಬರೂ ಮಾತು ಮುಗಿಸಿದ ಹಾಗಿದೆ. ಕೆಲಸ ಆಗಿದೆ, ಈ ಸಲ ನಿಜವಾಗಿಯೂ ಆಗಿದೆ, ಒಂದು ಗೆರೆ ಎಳೆದರೆ ತಪ್ಪೇನೂ ಇಲ್ಲ, ಆದರೂ ಕೈ ಹೋಗ್ತಿಲ್ಲ. ಗೇಟು ಹಾಕಿದ ಸದ್ದು. ಬರ್ತಿದಾರೆ. ನಾನು ಇಲ್ಲಿ ಕೂತೇ ಇದ್ದೀನಿ, ಅವರೇ ಬಂದು ಸವರಿ ನೋಡಿ ಎಳೀಲಿ ಅಂತ.